ಹಾಜರಿಕಟ್ಟೆ

"ಎಲ್ಲಿಗಬೇ?" ಎಂದು ಕಂಡಕ್ಟರ್ ಮತ್ತೊಮ್ಮೆ ಕೇಳಿದಾಗಲೂ ಗೋಮಿಬಾಯಿಗೆ ಬಾಯಿ ಬರಲಿಲ್ಲ. ಬೆಳಗಿನಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ ಮಾತು, ಹಳಿಯಾಳದ ಸ್ಟ್ಯಾಂಡಿನಲ್ಲಿ ನಲ್ಲಿಯ ಮಗ್ಗುಲಿಗೆ ನಿಂತು ಸೆರಗಿನ ಮರೆಯಲ್ಲಿ ತುಟಿಯಾಡಿಸಿ ನೋಡಿದ್ದ ಮಾತು, ಆ ಮನುಷ್ಯ ಟಿಕೆಟ್ಟಿನ ಪೆಟ್ಟಿಗೆ ಹಿಡಿದು ಎದುರು ನಿಂತದ್ದೇ ತಡ, ಗಂಟಲಿನ ಕೆಳಗೆ ಜಾರಿ ಎಲ್ಲೋ ಅಡಗಿ ಕೂತಿತು. ಅದೊಂದು ಮಾತಿಗಾಗಿಯೇ ಅವಳು ಈ ದಿನ ಬಸ್ಸು ಹತ್ತಿದ್ದಳು. ಸೀಗೆಕಾಯಿ ಮಾರುವುದು ಬರೀ ನೆಪ. ಸಂತೆಯ ದಿನವೂ ಅಲ್ಲ. ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಾಗೆಯೇ ಉಳಿದಿತ್ತು. ಮಧ್ಯಾಹ್ನ ಊರ ಜನರೆದುರು ಹೇಳಬೇಕಾದ್ದನ್ನು ಮೊದಲು ಗುರುತು ಪರಿಚಯವಿಲ್ಲದ ಒಬ್ಬನೆದುರು ಹೇಳಿ ನಾಲಿಗೆ ಪಳಗಿಸಿಕೊಳ್ಳೋಣ ಎಂದುಕೊಂಡಿದ್ದಳು. ಈಗ ನೋಡಿದರೆ ಕೈ ತಾನಾಗಿ ಮೇಲೆದ್ದು ಕಿಟಕಿಯ ಆಚೆ ರಸ್ತೆಯನ್ನು ತೋರಿಸುತ್ತಿತ್ತು.

"ಅಲ್ಲೇ ರೀ, ಮುಂದ. ಬಸರಿಗಿಡದ ಹತ್ರ."

"ಹಳ್ಯಾಳದಿಂದ ಮುಂಡಗೋಡ ತನಕಾ ಬಸರಿಗಿಡಾನ ಅದಾವು. ಯಾವ ಗಿಡಕ್ಕಂತ ಟಿಕೀಟ ಹರೀಲಿಬೇ? ಹಾಜರಿಕಟ್ಟಿ ಅನ್ನು. ನಾಲಿಗಿ ಏನು ಸವದು ಹೋಗ್ತದೇನು?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಗೋಮಿಬಾಯಿಯೂ ನಕ್ಕಳು. ನಕ್ಕ ಮೇಲೆ, ನಾನ್ಯಾಕೆ ನಕ್ಕೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಜೀವಮಾನವೆಲ್ಲ ಹೀಗೆಯೇ ಆಗಿದೆ. ತನ್ನನ್ನು ನೋಡಿ ನಕ್ಕವರ ಜೊತೆ ತಾನೂ ನಗುವುದು, ಮನೆಗೆ ಹೋದ ಮೇಲೆ ಹಲ್ಲು ಕಡಿಯುವುದು. ಕಂಡಕ್ಟರ್ ಟಿಕೆಟ್ಟು ಹರಿದು ಅವಳ ಬುಟ್ಟಿಯೊಳಗೆ ಹಾಕಿ ಮುಂದೆ ಹೋದ. ಅವನ ಮೇಲೆ ಸಿಟ್ಟು ಮಾಡಿ ಏನು ಬಂತು, ಪಾಪ, ಅವನಿಗೇನು ಗೊತ್ತು.

ಅವಳದು ಎರಡು ಹೆಸರುಗಳ ಸಂಕಟ. ಒಂದನ್ನು ಹೇಳಲು ಮನಸ್ಸಿಲ್ಲ, ಇನ್ನೊಂದನ್ನು ಹೇಳಲು ಬಾಯಿಲ್ಲ. ಹಾಜರಿಕಟ್ಟೆ ಎಂದರೆ ರಸ್ತೆಯ ಪಕ್ಕದಲ್ಲಿ ಬಸರಿಗಿಡದ ಸುತ್ತ ಕಟ್ಟಿದ ಕಲ್ಲಿನ ಕಟ್ಟೆ. ಬ್ರಿಟಿಷರ ಕಾಲದ ಕಾಯ್ದೆಯೊಂದು ಲಂಬಾಣಿಗಳನ್ನು ತಾಯ ಹೊಟ್ಟೆಯಿಂದಲೇ ಕಳ್ಳರೆಂದು ತೀರ್ಮಾನಿಸಿದ್ದ ದಿನಗಳಲ್ಲಿ, ತಾಂಡಾದ ಗಂಡಸರೆಲ್ಲ ಹೊತ್ತು ಮುಳುಗುವ ಮುಂಚೆ ಆ ಕಟ್ಟೆಯ ಕೆಳಗೆ ಸಾಲಾಗಿ ನಿಂತು, ಮೇಲೆ ಕೂತ ಊರಗೌಡರು ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ "ಹಾಜರ್" ಅನ್ನಬೇಕಿತ್ತು. ಅನ್ನದವನಿಗೆ ಜೈಲು. ಸ್ವರಾಜ್ಯ ಬಂತು, ಕಾಯ್ದೆ ಹೋಯಿತು, ಕಟ್ಟೆಯ ಕಲ್ಲುಗಳ ಸಂದಿಯಲ್ಲಿ ಹುಲ್ಲು ಬೆಳೆಯಿತು, ಆದರೆ ಹೆಸರು ಮಾತ್ರ ಹೋಗಲಿಲ್ಲ. ಬಸ್ಸು ಶುರುವಾದಾಗ ಕಂಡಕ್ಟರುಗಳು ಅದನ್ನೇ ಎತ್ತಿಕೊಂಡರು. ಬೇರೆ ತಾಂಡಾಗಳಿಗೆಲ್ಲ ಅಲ್ಲಲ್ಲಿಯ ನಾಯಕನ ಹೆಸರು. ಸೊಸೆ ರೂಪಿಬಾಯಿಯ ತವರು, ಸನವಳ್ಳಿಯ ಕಡೆಯ ತಾಂಡಾ, ಅವಳ ಅಜ್ಜನ ಹೆಸರಿನಿಂದಲೇ ನಡೆಯುತ್ತದೆ. ತಮ್ಮದೊಂದಕ್ಕೇ ಈ ಹಣೆಬರಹ. ರಸ್ತೆಗೆ ಡಾಂಬರು ಬಿದ್ದು ಪ್ರತಿ ನಿಲುಗಡೆಗೂ ಹೆಸರಿನ ಕಲ್ಲು ನೆಡುತ್ತಾರೆಂಬ ಸುದ್ದಿ ಬಂದದ್ದೇ, ಮಗ ಜೈರಾಮ ಹಟ ಹಿಡಿದ. ತಾಂಡಾದ ಹೆಸರು ಬರೆಯಬೇಕು, ತನ್ನ ಅಪ್ಪನ ಹೆಸರಿನ ತಾಂಡಾ. ಆ ಅಪ್ಪನ ಹೆಸರನ್ನು, ಲಗ್ನವಾದಂದಿನಿಂದ ಈ ಹೊತ್ತಿನವರೆಗೆ ಗೋಮಿಬಾಯಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು, ಅದು ಅವನ ಆಯುಷ್ಯಕ್ಕೆ ಕೇಡು. ಗಂಡ ಸತ್ತ ಮೇಲೂ ಆ ರೂಢಿ ಬಿಡಲಿಲ್ಲ. ಆಯುಷ್ಯವೇ ಮುಗಿದವನಿಗೆ ಇನ್ನೇನು ಕೇಡು?

ತಾಂಡಾದ ಹೆಂಗಸರಿಗೂ ಇದು ದೊಡ್ಡ ತಲೆನೋವಾಗಿತ್ತು. ಸತ್ತ ನಾಯಕ ಒಬ್ಬರಿಗೆ ಮಾವ, ಒಬ್ಬರಿಗೆ ಭಾವ, ಯಾರೂ ಹೆಸರು ಹಿಡಿಯುವಂತಿಲ್ಲ. "ಹಂಗಾದ್ರ ನಾವು ಹೆಣ್ಮಕ್ಕಳು ಬಸ್ ಹತ್ತೂದ ಬ್ಯಾಡೇನು?" ಎಂದು ನೀರಿನ ಹತ್ತಿರ ನಗಾಡಿದರು. ರೂಪಿಬಾಯಿ ಮಾತ್ರ, "ರೂಢಿ ರೂಢೀನ, ಟಿಕೀಟ ಟಿಕೀಟ. ನಾ ಮನಸಿನ್ಯಾಗ ಮಾವನ ಕಾಲಿಗೆ ಬಿದ್ದು ಹೇಳಿಬಿಡಾಕಿ" ಅಂದಳು. ಈ ನಗೆಚಾಟಿಕೆ ಊರಗೌಡ ಶೇಖಪ್ಪನ ಕಿವಿಗೆ ಬೀಳಲು ಎಷ್ಟು ಹೊತ್ತು? ಆತ ಈಗ ಪಂಚಾಯಿತಿಯ ಚೇರ್ಮನ್ನು. ಒಳ್ಳೆಯ ಮಾತಿನವ, ಮನೆಗೆ ಹೋದರೆ ಜೈರಾಮನಿಗೂ ಚಹಾ ಕೊಡಿಸುವವ. ಅವನಿಗೆ ಕೊಡುವ ಕಪ್ಪು ಬೇರೆ, ಅಷ್ಟೆ. ಪಂಚಾಯಿತಿಯಲ್ಲಿ ಆತ ಇಲ್ಲ ಅನ್ನಲಿಲ್ಲ. "ನನ್ನದೇನೂ ತಕರಾರಿಲ್ಲಪಾ. ಹಳೇ ಮಂದಿ ಬಾಯಿಂದ ಬರ್ಲಿ. ಗೋಮಿಬಾಯಿ ಅದಾಳಲ್ಲ, ನಾಯಕನ ಹೇಣ್ತಿ, ಓವರ್ಸಿಯರ್ ಸಾಹೇಬ್ರ ಮುಂದ ಆಕಿ ಏನು ಹೇಳ್ತಾಳೋ ಅದನ್ನ ಬರೀಲಿ" ಎಂದು ಎಲ್ಲರೆದುರು ನಗುತ್ತ ಹೇಳಿದ. ಎಲ್ಲರೂ ಹೌದೆಂದರು. ಅಷ್ಟು ನಯವಾಗಿ ಗುದ್ದಿದ್ದು ಯಾರಿಗೂ ಗೊತ್ತಾಗಲಿಲ್ಲ, ಗೋಮಿಬಾಯಿಯೊಬ್ಬಳನ್ನು ಬಿಟ್ಟು. ಯಾಕೆಂದರೆ ಅದೇ ಪ್ರಶ್ನೆಯನ್ನು, ಹಾಜರಿಯ ಕಟ್ಟೆಯ ಮೇಲೆ ಕೂತು, ಆತನ ಅಪ್ಪ ಚನಬಸಪ್ಪಗೌಡ ಅವಳಿಗೆ ಹಿಂದೊಮ್ಮೆ ಕೇಳಿದ್ದ.

ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಯೊಂದು ಎದುರಿಗೆ ಬಂದು ಬಸ್ಸು ಪಕ್ಕಕ್ಕೆ ಸರಿದು ನಿಂತಿತು. ಬಿದಿರಿನ ತುದಿಗಳು ಕಿಟಕಿಯನ್ನು ಕೆರೆಯುತ್ತ ಹೋದವು. ಆ ದಿನವೂ ಅವಳ ತಲೆಯ ಮೇಲೆ ಬಿದಿರಿನ ಹೊರೆಯಿತ್ತು. ಹೊರೆ ಇಳಿಸಿ ಗುಡಿಸಲೊಳಗೆ ಇಣುಕಿದರೆ ಗಂಡ ಕಂಬಳಿಯ ಕೆಳಗೆ ಗಡಗಡ ನಡುಗುತ್ತಿದ್ದ, ಚಳಿಜ್ವರ. ಹೊತ್ತು ಇಳಿಯುತ್ತಿತ್ತು. ನಿಲ್ಲಲು ಹೋಗಿ ಬಿದ್ದ, ಮತ್ತೆ ಎದ್ದ, ಮತ್ತೆ ಬಿದ್ದ. ಅವಳು ಎಳೆಗೂಸು ಜೈರಾಮನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯತ್ತ ಓಡಿದಳು. ಗಂಡಸರ ಸಾಲಿನ ಕೊನೆಗೆ ಹೆಂಗಸೊಬ್ಬಳು ಬಂದು ನಿಂತದ್ದು ಗೌಡನಿಗೆ ಮೋಜೆನಿಸಿತು. "ನೀ ಯಾರ ಸಲುವಾಗಿ ಬಂದೀಯವಾ?" ಎಂದ. "ಜೈರಾಮನ ಅಪ್ಪನ ಸಲುವಾಗಿ ರೀ. ಜ್ವರಾ ಬಂದೈತ್ರಿ, ಏಳಾಕ ಆಗವೊಲ್ದು." "ಜೈರಾಮನ ಅಪ್ಪ ಅಂತ ನನ್ನ ಹಂತ್ಯಾಕ ಯಾರೂ ಇಲ್ಲ. ಹೆಸರು ಹೇಳು." ಆಗ ಅವಳು ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದಳು, ಸುತ್ತಿಬಳಸಿ ಗುರುತು ಹೇಳಿದಳು. "ಪಾಂಡವರೊಳಗ ಗದಾ ಹಿಡದಾಂವ ರೀ." ಗೌಡ ಪಕ್ಕದವನ ಕಡೆ ಕಣ್ಣು ಹೊಡೆದು, "ಅರ್ಜುನನೇನು?" ಎಂದ. "ಅಲ್ರಿ, ಅವನ ಅಣ್ಣ." "ಧರ್ಮರಾಯನೇನು?" ಕಟ್ಟೆಯ ಮೇಲಿನವರೆಲ್ಲ ನಕ್ಕರು. ಕೆಳಗೆ ನಿಂತ ತಾಂಡಾದ ಗಂಡಸರು ನೆಲ ನೋಡುತ್ತಿದ್ದರು. ಅವರಲ್ಲಿ ಯಾರಾದರೂ ಒಬ್ಬರು ಹೇಳಬಹುದಿತ್ತು, ಆದರೆ ಕೇಳದೆ ಬಾಯಿ ತೆರೆದವನಿಗೆ ಬಡಿಗೆಯ ಏಟು. ಗೋಮಿಬಾಯಿಯೂ ನಕ್ಕಳು, ಅವರ ಜೊತೆ, ಹಲ್ಲು ಬಿಟ್ಟು, ಗೌಡ ಕರಗಿಯಾನೆಂದು. ಆಮೇಲೆ ಗೌಡ ನಗು ನಿಲ್ಲಿಸಿ, "ಹೇಳ್ತೀಯೋ ಇಲ್ಲೋ?" ಎಂದ. ಅವಳು ತುಟಿ ತೆರೆದಳು, ಅವು ಮುಚ್ಚಿಕೊಂಡವು. ಜ್ವರದಲ್ಲಿ ಬಿದ್ದವನ ಹೆಸರು ಹಿಡಿದರೆ ಅವನು ಬದುಕಿಯಾನೆ? ಆ ಕ್ಷಣ ಅವಳಿಗೆ ಕಂಡದ್ದು ಗುಡಿಸಲಿನ ಕಂಬಳಿ ಮಾತ್ರ. ಗೌಡ ಮುಂದಿನ ಹೆಸರಿಗೆ ಹೋದ.

ಪೊಲೀಸರು ಜ್ವರದ ಮೈಯನ್ನೇ ಎಬ್ಬಿಸಿಕೊಂಡು ಹೋದರು. ಮಳೆಗಾಲ ಪೂರ್ತಿ ಜೈಲಿನಲ್ಲಿದ್ದು, ಎದೆಯೊಳಗೆ ಕೆಮ್ಮು ಹೊತ್ತು ಬಂದ. ಆ ಕೆಮ್ಮೇ ಕೊನೆಗೆ ಅವನನ್ನು ಕೊಂಡೊಯ್ದದ್ದು. ತಾಂಡಾ ಅವಳನ್ನು ಹೊಗಳಿತು. ಎಂಥಾ ಹೆಣ್ಣು, ಗೌಡನ ಮುಂದೂ ಗಂಡನ ಹೆಸರು ಹಿಡಿಯಲಿಲ್ಲ! ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಎದ್ದು ಓಡಿಹೋಗಬೇಕೆನಿಸುತ್ತಿತ್ತು. ಅವನು ಬೈಯಲಿಲ್ಲ, ಹೊಗಳಲೂ ಇಲ್ಲ. ಜೈಲಿನಿಂದ ಬಂದ ದಿನ ರೊಟ್ಟಿ ಬಡಿಯುತ್ತಿದ್ದವಳ ಪಕ್ಕಕ್ಕೆ ಬಂದು ಕುಕ್ಕುರುಗಾಲಿನಲ್ಲಿ ಕೂತು, "ಅಲ್ಲಿ ನನ್ನ ಹೆಸರು ಯಾರೂ ಕರೀಲಿಲ್ಲ, ಬರೀ ನಂಬರು. ಮರತ ಹೋದಂಗ ಆಗೇತಿ. ನೀ ಒಂದ್ಸಲ ಕರಿ" ಅಂದ. ಅವಳು ಹಿಟ್ಟಿನ ಕೈಯಿಂದಲೇ ಮುಖಕ್ಕೆ ಸೆರಗೆಳೆದುಕೊಂಡು, "ಹುಚ್ಚ ಹಿಡದೈತೇನು ನಿಮಗ?" ಎಂದು ನಕ್ಕಳು. ಅವನೂ ನಕ್ಕ. ಮತ್ತೆಂದೂ ಕೇಳಲಿಲ್ಲ. ಜೈಲಿಗೆ ಹೋದದ್ದಕ್ಕಿಂತ ಹೆಚ್ಚಾಗಿ ಈ ನಗು ಅವಳನ್ನು ಈಗಲೂ ಸುಡುತ್ತದೆ.

"ಹಾಜರಿಕಟ್ಟಿ! ಯಾರ್ರೀ ಹಾಜರಿಕಟ್ಟಿ!" ಕಂಡಕ್ಟರ್ ಬಾಗಿಲು ಬಡಿದ. ಗೋಮಿಬಾಯಿ ಬುಟ್ಟಿ ಎತ್ತಿಕೊಂಡು ಇಳಿದಳು.

ಬಸರಿಗಿಡದ ಕೆಳಗೆ ಆಗಲೇ ಜನ ಸೇರಿದ್ದರು. ಓವರ್ಸಿಯರ್ ಅಡಿವೆಯ್ಯ ಎಂಬವರು ಕರವಸ್ತ್ರ ಹಾಸಿ ಕಟ್ಟೆಯ ಒಂದು ಬದಿಗೆ ಕೂತಿದ್ದರು. ಅವರ ಪಕ್ಕದಲ್ಲಿ ಶೇಖಪ್ಪ, ಅಪ್ಪ ಕೂರುತ್ತಿದ್ದ ಜಾಗದಲ್ಲೇ, ಬೇಕೆಂದು ಅಲ್ಲ, ಅಲ್ಲಿ ನೆರಳು ಚೆನ್ನಾಗಿತ್ತು ಅಷ್ಟೆ. ರಸ್ತೆಯ ಅಂಚಿನಲ್ಲಿ ಹೊಸ ಕಲ್ಲು, ಸುಣ್ಣದಂಥ ಬಿಳಿ ಬಣ್ಣ ಹೊಡೆದದ್ದು. ಹೆಸರು ಬರೆಯುವ ಉಳವಪ್ಪ ಕರಿ ಬಣ್ಣದ ಡಬ್ಬಿ ಕಲಕುತ್ತ ಅದರ ಮುಂದೆ ಕೂತಿದ್ದ. ತಾಂಡಾದವರು ಕಟ್ಟೆಯ ಕೆಳಗೆ ನಿಂತಿದ್ದರು. ಯಾರೂ ಅವರಿಗೆ ಕೆಳಗೆ ನಿಲ್ಲಿ ಎಂದಿರಲಿಲ್ಲ. ಕಾಲುಗಳಿಗೆ ಆ ಜಾಗ ರೂಢಿಯಾಗಿತ್ತು. ಜೈರಾಮ ಓಡಿಬಂದು ಬುಟ್ಟಿ ಇಸಿದುಕೊಂಡ.

"ಯಾಡಿ, ಎಲ್ಲಿ ಹೋಗಿದ್ದಿ? ನೀ ಬರೂದಿಲ್ಲ ಅಂತ ಗೌಡ್ರು ನಗಾಕಹತ್ತಿದ್ರು" ಎಂದ. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ. ಅವನ ಮುಖ ಒಣಗಿಹೋಗಿತ್ತು. "ಆಗ್ತೈತಿಲ್ಲೋ? ಆಗದಿದ್ರ ಈಗ ಹೇಳಿಬಿಡು. ನಾ ಬ್ಯಾರೆ ಏನರೆ ಮಾಡ್ತೇನಿ."

"ಬ್ಯಾರೆ ಏನು ಮಾಡ್ತೀ? ನಿನಗ ಅಂದಿಲ್ಲ ಅವರು, ನನಗ ಅಂದಾರ."

ಕಟ್ಟೆಯತ್ತ ನಡೆಯುತ್ತಿದ್ದಂತೆ ಅವಳ ಕಣ್ಣು ಅಭ್ಯಾಸದಿಂದ ಆ ಮೂಲೆಗೆ ಹೋಯಿತು. ಹಿಂದೊಮ್ಮೆ ಗಂಡ ಕೂತದ್ದು ಅಲ್ಲಿ. ಜೈಲಿನಿಂದ ಬಂದ ಮೇಲೊಮ್ಮೆ, ಊರು ಬಿಟ್ಟು ಹೋಗಲು ಊರಗೌಡನಿಂದ ಅಪ್ಪಣೆಯ ಚೀಟಿ ಪಡೆದು ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಕಟ್ಟಿಗೆ ಹೇರಲು ಹೋಗಿದ್ದಾಗ ರೈಲ್ವೆಯವನೊಬ್ಬ, "ಎಂಥಾ ಚೀಟಿಯೋ? ಆ ಕಾಯ್ದೆ ಹೋಗಿ ಎಷ್ಟೋ ದಿನಾತಲ್ಲ" ಎಂದನಂತೆ. ಊರಲ್ಲಿ ಯಾರೂ ಹೇಳಿರಲಿಲ್ಲ, ಹಾಜರಿ ನಡೆದೇ ಇತ್ತು. ಅವತ್ತು ಸಂಜೆ ಊರಿಗೆ ಬಂದವನು ಮೈ ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ನೇರ ಬಂದು ಕಟ್ಟೆ ಹತ್ತಿ ಕೂತ. ತಾಂಡಾದವರ ಕಾಲು ಆ ಕಲ್ಲನ್ನು ಮುಟ್ಟಿದ್ದು ಅದೇ ಮೊದಲು. ಗೌಡ ಹೆಸರು ಕೂಗಿದ. ಅವನು ಓ ಅನ್ನಲಿಲ್ಲ. ಮತ್ತೆ ಕೂಗಿದ, ಮತ್ತೆ. ಅವನು ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದು, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡು ಜಗಿಯುತ್ತ ಕೂತ. ಸಾಲಿನಿಂದ ಒಬ್ಬ ಬಂದು ಪಕ್ಕಕ್ಕೆ ಕೂತ, ಆಮೇಲೆ ಇನ್ನೊಬ್ಬ, ಆಮೇಲೆ ಎಲ್ಲರೂ. ಗೌಡನ ಬಾಯಲ್ಲಿ ಹೆಸರುಗಳು ಖಾಲಿ ಗಾಳಿಗೆ ಬಿದ್ದವು. ದೂರದಲ್ಲಿ ನೀರಿನ ಕೊಡ ಹೊತ್ತು ನಿಂತಿದ್ದ ಗೋಮಿಬಾಯಿ ಅದನ್ನೆಲ್ಲ ನೋಡಿದಳು. ಎಷ್ಟು ಸುಖವಾಗಿತ್ತು ಅವನ ಮೌನ! ತನ್ನ ಮೌನವೂ ಅವನ ಮೌನವೂ ಒಂದೇ ಎಂದು ಕೆಲವು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಒಂದಲ್ಲ. ಅವನು ಹೇಳಬಾರದೆಂದು ಹೇಳಲಿಲ್ಲ. ತಾನು ಹೇಳಲಾರದೆ ಹೇಳಲಿಲ್ಲ.

"ಬಾ ಗೋಮಿಬಾಯಿ, ಬಾ" ಎಂದ ಶೇಖಪ್ಪ. "ಸಾಹೇಬ್ರು ಕಾಯಾಕಹತ್ಯಾರ. ಬಿಸಲಾಗ ಬಂದಿ, ನೀರು ಬೇಕೇನು?"

"ಬ್ಯಾಡ್ರಿ."

ಅಡಿವೆಯ್ಯನವರು ಒಳ್ಳೆಯ ಮನುಷ್ಯ. ಈ ಸಣ್ಣ ಕೆಲಸಕ್ಕೆ ಇಷ್ಟು ಜನ ಯಾಕೆ ಎಂದು ಅವರಿಗೆ ಅರ್ಥವಾಗಿರಲಿಲ್ಲ. "ಹೇಳವಾ, ಈ ಜಾಗಾಕ್ಕ ನಿಮ್ಮ ಮಂದಿ ಏನಂತ ಕರೀತಾರ? ಒಂದ ಮಾತು. ಬರದು ನಾ ಮುಂದಿನ ಊರಿಗೆ ಹೋಗಬೇಕು" ಎಂದರು.

ಗೋಮಿಬಾಯಿ ನಿಂತಳು. ಎಲ್ಲ ಕಣ್ಣೂ ಅವಳ ಬಾಯಿಯ ಮೇಲಿದ್ದವು. ಸೆರಗಿನೊಳಗೆ ಎಡಗೈ ಬಲದ ತೋಳನ್ನು ಸವರುತ್ತಿತ್ತು. ಮೊಣಕೈಯಿಂದ ಮೇಲೆ ದಂತದ ಬಳೆಗಳಿದ್ದ ಜಾಗ ಇನ್ನೂ ಬೆಳ್ಳಗೆ ಉಳಿದಿತ್ತು. ಅವನು ಸತ್ತ ದಿನ ಬಳೆ ತೆಗೆದರು, ಕಿವಿಯ ಪಕ್ಕ ಜೋಲಾಡುವ ಬೆಳ್ಳಿ ತೆಗೆದರು, ಹೆಂಡತಿ ಎಂಬುದರ ಗುರುತೆಲ್ಲ ಒಂದೊಂದೇ ತೆಗೆದರು. ಯಾರ ಕೈಗೂ ಸಿಗದೆ ಉಳಿದದ್ದು ಇದೊಂದೇ, ಬಾಯೊಳಗಿನ ಹೆಸರು. ಇದನ್ನೂ ಹೊರಗೆ ಹಾಕಿದರೆ ತನ್ನ ಹತ್ತಿರ ಅವನದು ಏನು ಉಳಿದೀತು? ಬೆಳಗಿನಿಂದ ನಾಲಿಗೆ ಹಿಡಿದದ್ದು ನಾಚಿಕೆಯಲ್ಲ, ಇದು ಎಂದು ಅವಳಿಗೆ ಈಗ ಥಟ್ಟನೆ ತಿಳಿಯಿತು. ತಿಳಿದ ಮೇಲೆ ಅಳು ಬಂತು. ಅಳುವುದಿಲ್ಲ ಎಂದುಕೊಂಡಳು. ಇವರ ಎದುರು ನಕ್ಕದ್ದೂ ಸಾಕು, ಅಳುವುದೂ ಬೇಡ.

"ಅವಸರಿಲ್ಲ" ಎಂದ ಶೇಖಪ್ಪ ಮೆತ್ತಗೆ. "ಆಗದಿದ್ರ ಬಿಡು, ಯಾರೂ ಏನೂ ಅನ್ನೂದಿಲ್ಲ. ಹಳೇ ಹೆಸರ ಇರ್ಲಿ. ಅದರಾಗೇನು ತಪ್ಪೈತಿ?"

ಅವಳು ಬಾಯಿ ತೆರೆದಳು. ಎಷ್ಟೋ ವರ್ಷದ ರೂಢಿ, ನಾಲಿಗೆ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. "ಪಾಂಡವರೊಳಗ..."

ಉಳವಪ್ಪ ತಲೆಯೆತ್ತಿ, "ಪಾಂಡವರ ಏನ್ರಿ? ಪಾಂಡವರಕಟ್ಟಿ ಅಂತ ಬರೀಲೇನು?" ಎಂದ. ಪಾಪ, ಅವನು ನಿಜವಾಗಿ ಕೇಳಿದ್ದ. ಕಟ್ಟೆಯ ಮೇಲೆ ನಗು ಎದ್ದಿತು. ಶೇಖಪ್ಪ ನಗು ತಡೆಯಲು ಮೀಸೆ ಸವರಿಕೊಂಡ. ಜೈರಾಮ ಕಣ್ಣು ಮುಚ್ಚಿದ. ಕೆಳಗೆ ನಿಂತ ಗಂಡಸರು ನೆಲ ನೋಡತೊಡಗಿದರು, ಇವರಲ್ಲಿ ಕೆಲವರು ಅವತ್ತು ನೆಲ ನೋಡಿದವರೇ.

ಗೋಮಿಬಾಯಿ ನಗಲಿಲ್ಲ. ಲಂಗದ ನಿರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಕಟ್ಟೆ ಹತ್ತಿದಳು. ತಾಂಡಾದ ಹೆಂಗಸು ಯಾವತ್ತೂ ಹತ್ತದ ಕಟ್ಟೆ. ಓವರ್ಸಿಯರರು ಗಾಬರಿಯಾಗಿ ಕರವಸ್ತ್ರ ಎಳೆದುಕೊಂಡು ಜಾಗ ಬಿಟ್ಟರು. ಅವಳು ಆ ಮೂಲೆಗೆ ಹೋಗಿ ಎಲ್ಲರಿಗೂ ಬೆನ್ನು ಮಾಡಿ ನಿಂತಳು, ಅಡವಿಯಿಂದ ಇಳಿದು ಬರುವ ಕಾಲುದಾರಿಯ ಕಡೆ ಮುಖ ಮಾಡಿ. ಸಂಜೆಯ ಹೊತ್ತು ಅವನು ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬರುತ್ತಿದ್ದದ್ದು ಅದೇ ದಾರಿ. ರೊಟ್ಟಿ ಆರುತ್ತಿದೆ, ಬೇಗ ಬರಲಿ ಎಂದು ಎಷ್ಟು ಸಲ ಕಾದಿಲ್ಲ, ಕೂಗಲಾರದೆ ಮಗನನ್ನು ಓಡಿಸಿಲ್ಲ! ಬಾಯಿಯ ಪಕ್ಕಕ್ಕೆ ಅಂಗೈ ಹಿಡಿದಳು. ಹೊಲದಲ್ಲಿರುವವನನ್ನು ಊಟಕ್ಕೆ ಕರೆಯುವ ಹಾಗೆ ಎದೆಯ ಬುಡದಿಂದ ಎಳೆದು ಕೂಗಿದಳು.

"ಭೀಮಸಿಂಗಾ!"

ದನಿ ದಾರಿಯುದ್ದಕ್ಕೂ ಹೋಗಿ ಬಿದಿರಿನ ಮೆಳೆಗಳಿಗೆ ಬಡಿಯಿತು. ಎಲ್ಲರೂ ಅತ್ತ ತಿರುಗಿದರು, ತಾಂಡಾದವರು, ಊರವರು, ಓವರ್ಸಿಯರರು. ಶೇಖಪ್ಪನೂ ತಿರುಗಿದ, ಯಾರಾದರೂ ಬರುತ್ತಿದ್ದಾರೇನೋ ಎಂದು ಅವನ ಕಣ್ಣುಗಳೂ ಆ ದಾರಿಯನ್ನು ಹುಡುಕಿದವು. ರೂಪಿಬಾಯಿ ಮಾವನ ಹೆಸರು ಕೇಳಿದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಯಾರೂ ಬರಲಿಲ್ಲ. ಗೋಮಿಬಾಯಿ ಒಬ್ಬ ಮನುಷ್ಯ ನಡೆದು ಬರಲು ಬೇಕಾಗುವಷ್ಟು ಹೊತ್ತು ಹಾಗೆಯೇ ನಿಂತಿದ್ದಳು. ಹೆಸರು ಹೊರಗೆ ಹೋದ ಮೇಲೂ ಬಾಯಿ ಬರಿದಾಗಿರಲಿಲ್ಲ. ಅದು ಅಲ್ಲೇ ಇತ್ತು, ಇನ್ನೂ ಬೆಚ್ಚಗೆ, ಎಷ್ಟು ಸಲ ಬೇಕಾದರೂ ಕರೆಯಬಹುದಾದಷ್ಟು.

ಇತ್ತ ತಿರುಗಿ ಶೇಖಪ್ಪನ ಮುಖ ನೋಡಿ ಹೇಳಿದಳು: "ಇದು ಆತನ ತಾಂಡಾ ರೀ, ಗೌಡ್ರ. ನಿಮ್ಮಪ್ಪನೂ ಕೇಳಿದ್ದ ಹೆಸರಾ. ಅವತ್ತ ಹೇಳಾಕ ಆಗಲಿಲ್ಲ. ಇವತ್ತ ಹೇಳೇನಿ."

ಶೇಖಪ್ಪ ಏನೋ ಅನ್ನಲು ಹೋದ. ಕೆಳಗೆ ನಿಂತವರಲ್ಲಿ ಮುದುಕನೊಬ್ಬ ಬಂದು ಕಟ್ಟೆಯ ಅಂಚಿಗೆ ಕೂತ, ಮಂಡಿ ಹಿಡಿದುಕೊಂಡು, ನಿಧಾನವಾಗಿ. ಅವನ ಪಕ್ಕಕ್ಕೆ ಇನ್ನೊಬ್ಬ. ಅಡಿವೆಯ್ಯನವರು ಒಮ್ಮೆ ಅವರನ್ನು, ಒಮ್ಮೆ ಶೇಖಪ್ಪನನ್ನು ನೋಡಿದರು. "ಕೇಳಿದಿರಲ್ಲ ಚೇರ್ಮನ್ನರ? ಮುಗೀತು. ಬರಿಯೋ ಉಳವಪ್ಪಾ" ಎಂದರು.

ಉಳವಪ್ಪ ಕುಂಚ ಅದ್ದಿ ಕಲ್ಲಿನ ಮುಂದೆ ಸರಿದು ಕೂತ. "ಯವ್ವಾ, ಕಲ್ಲಿನ ಮ್ಯಾಲೆ ಒಮ್ಮೆ ಬರದ್ರ ಅಳಸಾಕ ಬರೂದಿಲ್ಲ. ಇಲ್ಲೆ ಹಂತ್ಯಾಕ ಬಂದು ಹೇಳ್ತಿರು, ನಾ ಬರೀತಿರ್ತೇನಿ" ಎಂದ. ಗೋಮಿಬಾಯಿ ಕಟ್ಟೆ ಇಳಿದು ಅವನ ಪಕ್ಕಕ್ಕೆ, ಡಾಂಬರಿನ ಬಿಸಿಯ ಮೇಲೆಯೇ, ಕುಕ್ಕುರುಗಾಲಿನಲ್ಲಿ ಕೂತಳು. ಒಂದೊಂದು ಅಕ್ಷರ ಮುಗಿದಾಗಲೂ ಅವನು ಕುಂಚವೆತ್ತಿ ಅವಳ ಮುಖ ನೋಡಿದ. ಒಂದೊಂದು ಸಲವೂ ಅವಳು ಇಡೀ ಹೆಸರನ್ನು ಮೊದಲಿನಿಂದ ಹೇಳಿದಳು.